ಸಂಗೀತ ಕ್ಲಾಸು, ಫೋನು, ಕಿವಿ: ಬೆಳಗಾವಿಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬೆಳಗಾವಿಯಲ್ಲಿ ಹಿಂದೂಸ್ತಾನಿ ಗಾಯನ ಕಲಿಸುತ್ತೇನೆ. ಮಕ್ಕಳನ್ನು ಬಿಡಲು ಬಂದ ಪಾಲಕರು ಬಾಗಿಲಲ್ಲೇ ನಿಂತು ಕೇಳುತ್ತಾರೆ. ದೂರದ ಊರಿನವರು ಬರೆದು ಕೇಳುತ್ತಾರೆ. ದೊಡ್ಡ ವಿದ್ಯಾರ್ಥಿಗಳು ಕ್ಲಾಸು ಮುಗಿದ ಮೇಲೆ ಚಹಾ ಕುಡಿಯುತ್ತ ಮಾತು ತೆಗೆಯುತ್ತಾರೆ. ಎಲ್ಲರ ಮಾತೂ ಕೊನೆಗೆ ಫೋನಿಗೆ ಬಂದು ನಿಲ್ಲುತ್ತದೆ. ಪ್ರಶ್ನೆಗಳನ್ನು ಆದಷ್ಟು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಈಗಷ್ಟೇ ಸೇರುವವರ ಪ್ರಶ್ನೆಗಳು ಮೊದಲು, ಕಲಿತು ಮುಂದೆ ಹೋದವರದು ಕೊನೆಗೆ.

## ಈಗಷ್ಟೇ ಸೇರುವವರಿಗೆ

ಫೋನ್ ಹೊರಗೇ ಇಡಬೇಕು ಅಂತೀರಿ. ಸೈಲೆಂಟ್ ಮಾಡಿದ್ರೆ ಸಾಲೂದಿಲ್ಲೇನ್ರಿ ಮೇಡಂ?

ಸಾಲದು. ಸದ್ದು ಬರುವುದೊಂದೇ ತೊಂದರೆ ಅಲ್ಲ. ಜೇಬಿನಲ್ಲಿ ಫೋನ್ ನಡುಗಿದರೆ ಕೈ ಅತ್ತ ಹೋಗುತ್ತದೆ. ಕೈ ಹೋಗದಿದ್ದರೂ ಮನಸ್ಸು ಹೋಗುತ್ತದೆ. ಯಾರಿರಬಹುದು, ಏನು ಕಳಿಸಿರಬಹುದು ಅನ್ನುವಷ್ಟರಲ್ಲಿ ನಾನು ಹಾಡಿ ತೋರಿಸಿದ ತುಣುಕು ಮುಗಿದಿರುತ್ತದೆ. ಪಂಚಮದಿಂದ ಗಾಂಧಾರಕ್ಕೆ ಮೀಂಡಿನಲ್ಲಿ, ಅಂದರೆ ಜಾರುತ್ತ, ಇಳಿಯಲು ಒಂದೆರಡು ಸೆಕೆಂಡು ಸಾಕು. ಆ ಎರಡು ಸ್ವರಗಳ ನಡುವಿನ ದಾರಿಯೇ ಅವತ್ತಿನ ಪಾಠ. ಅದು ತಪ್ಪಿದರೆ ಪ ಮತ್ತು ಗ ಎಂಬ ಎರಡು ಅಕ್ಷರ ಮಾತ್ರ ಉಳಿಯುತ್ತವೆ.

ನಮ್ಮಲ್ಲಿ ಚಪ್ಪಲಿ ಬಿಡುವ ಜಾಗದ ಪಕ್ಕ ಒಂದು ಕಪಾಟಿದೆ. ಎಲ್ಲರ ಫೋನೂ ಅಲ್ಲಿ. ನನ್ನದೂ ಅಲ್ಲೇ. ತಂಬೂರಿ, ತಬಲಾ ಆ್ಯಪ್‌ಗೆ ಸಿಮ್ ಇಲ್ಲದ ಹಳೇ ಫೋನ್ ಒಂದಿದೆ, ಅದಕ್ಕೆ ಯಾರ ಮೆಸೇಜೂ ಬರುವುದಿಲ್ಲ. ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲದಿದ್ದರೆ ಮೊದಲೇ ಹೇಳಿ. ನಮ್ಮ ಮನೆಯವರ ನಂಬರ್ ಕೊಡುತ್ತೇನೆ, ಕರೆ ಬಂದರೆ ಒಳಗೆ ಬಂದು ತಿಳಿಸುತ್ತಾರೆ.

ಒಂದು ತಾಸಿನಲ್ಲಿ ಅರ್ಧ ಹೊತ್ತು ಮಗಳು ಸುಮ್ನೆ ಕೂತಿರ್ತಾಳೆ. ಹಾಡಿಸೋದು ಯಾವಾಗ?

ಈ ಪ್ರಶ್ನೆಯ ಹಿಂದೆ ಫೀಸಿನ ಲೆಕ್ಕ ಇರುತ್ತದೆ ಅಂತ ನನಗೆ ಗೊತ್ತು, ಅದರಲ್ಲಿ ತಪ್ಪೇನಿಲ್ಲ. ಆದರೆ ಅವಳು ಸುಮ್ಮನೆ ಕೂತಿಲ್ಲ. ಖಯಾಲ್ ಗಾಯನ ಎದುರುಬದುರು ಕೂತು ಕಲಿಯುವ ವಿದ್ಯೆ. ನಾನು ಹಾಡಿದ್ದು ಅವಳ ಕಿವಿಯಲ್ಲಿ ಎಷ್ಟು ನಿಂತಿತೋ ಅಷ್ಟೇ ಬಾಯಲ್ಲಿ ಬರುತ್ತದೆ. ಅರ್ಧ ಕೇಳಿ ದನಿ ಕೂಡಿಸಿಬಿಟ್ಟರೆ ಆ ಅರ್ಧವೇ ಗಟ್ಟಿಯಾಗಿ ಕೂರುತ್ತದೆ. ಆಮೇಲೆ ಅದನ್ನು ಬಿಡಿಸುವುದು ಹೊಸದಾಗಿ ಕಲಿಸುವುದಕ್ಕಿಂತ ಕಷ್ಟ.

ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೆನೆಯಿರಿ. ಅಲ್ಲಿ ಸಂಗೀತ ಕಲಿಸಿದ ಪಂಚಾಕ್ಷರಿ ಗವಾಯಿಗಳಿಗೂ ಪುಟ್ಟರಾಜ ಗವಾಯಿಗಳಿಗೂ ಕಣ್ಣು ಕಾಣುತ್ತಿರಲಿಲ್ಲ. ಅಲ್ಲಿ ಕಲಿತ ಎಷ್ಟೋ ಅಂಧ ಮಕ್ಕಳು ಗಾಯಕರಾದರು, ವಾದಕರಾದರು. ಕಣ್ಣಿಲ್ಲದವರ ಕಿವಿ ಹುಟ್ಟಿನಿಂದಲೇ ಚುರುಕು ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಹಾಗೆ ಹೇಳಿದರೆ ಅವರ ದುಡಿಮೆ ಮರೆತಂತೆ. ಕೇಳುವುದನ್ನೂ ಅವರು ರಿಯಾಜು, ಅಂದರೆ ದಿನದಿನದ ಅಭ್ಯಾಸ, ಮಾಡಿಯೇ ಗಳಿಸಿದ್ದು. ಕಣ್ಣಿರುವ ಮಕ್ಕಳಿಂದಲೂ ಅದನ್ನೇ ಮಾಡಿಸುವುದು ನನ್ನ ಕೆಲಸ.

ನನ್ನ ಮಗ ಐದು ನಿಮಿಷ ಒಂದ ಕಡೆ ಕೂಡೂದಿಲ್ರಿ. ಅಂವಗ ಸಂಗೀತ ಬರತೈತೇನ್ರಿ?

ಬರುತ್ತದೆ. ಐದು ನಿಮಿಷ ಇದ್ದರೆ ಐದರಿಂದಲೇ ಶುರು ಮಾಡೋಣ. "ಗಮನ ಕೊಡು" ಅಂತ ಮಗುವಿಗೆ ಹೇಳಿದರೆ ಅದಕ್ಕೆ ಏನೂ ತಿಳಿಯುವುದಿಲ್ಲ. ಮಾಡಲು ಒಂದು ಕೆಲಸ ಕೊಡಬೇಕು. ಒಂದೇ ಅಲಂಕಾರವನ್ನು, ಅಂದರೆ ಸ್ವರಗಳ ಸಾಲನ್ನು, ನಾಲ್ಕು ಸಲ ಹಾಡುತ್ತೇನೆ, ಒಂದು ಸಲ ಬೇಕೆಂದೇ ಒಂದು ಸ್ವರ ಬದಲಿಸುತ್ತೇನೆ. ಬದಲಾದಾಗ ಕೈ ಎತ್ತಬೇಕು. ತೀನತಾಲದ ಠೇಕಾ, ಅಂದರೆ ಆ ತಾಳದ ತಬಲಾ ಬಡಿತ, ಹಚ್ಚಿ ಕಣ್ಣು ಮುಚ್ಚಿಸುತ್ತೇನೆ. ಒಂಬತ್ತನೇ ಮಾತ್ರೆಯಿಂದ (ತಾಳದ ಎಣಿಕೆಯಿಂದ) ಶುರುವಾಗುವ ಖಾಲಿಯಲ್ಲಿ ಬಾಯಾದ, ಅಂದರೆ ಎಡಗೈ ತಬಲಾದ, ಗುಂಯ್ ನಾದ ನಿಲ್ಲುತ್ತದಲ್ಲ, ಅದನ್ನು ಹಿಡಿದು ತೋರಿಸಬೇಕು. ಇಂಥ ಆಟದಲ್ಲಿ ಚೂಟಿ ಮಕ್ಕಳೇ ಮುಂದೆ ಇರುತ್ತಾರೆ.

ಮನೆಯವರು ಒಂದು ಸಹಾಯ ಮಾಡಬಹುದು. ಕ್ಲಾಸಿಗೆ ಹೊರಡುವ ಮುಂಚಿನ ಅರ್ಧ ತಾಸು ರೀಲ್ಸ್ ಬೇಡ. ಹತ್ತಿಪ್ಪತ್ತು ಸೆಕೆಂಡಿಗೆ ಒಂದು ಹೊಸ ಹಾಡು, ಹೊಸ ಮುಖ ನೋಡಿ ಬಂದ ಮಗುವಿಗೆ ಒಂದೇ ಷಡ್ಜದ ಮೇಲೆ ನಿಲ್ಲುವುದು ಶಿಕ್ಷೆ ಅನ್ನಿಸುತ್ತದೆ. ಬರುವ ದಾರಿಯಲ್ಲಿ ಸ್ಕೂಟರ್ ಮೇಲೆ ಸುಮ್ನೆ ಏನಾದರೂ ಗುನುಗಲಿ. ರೈಲ್ವೆ ಗೇಟ್ ಬಿದ್ದು ನಿಲ್ಲಬೇಕಾದರೆ ಇನ್ನೂ ಒಳ್ಳೇದು.

ಪಾಲಕರು ಒಳಗೆ ಕೂರಬಹುದಾ?

ಕೂರಬಹುದು, ನಿಮ್ಮ ಫೋನೂ ಕಪಾಟಿನಲ್ಲಿದ್ದರೆ. ಅಮ್ಮ ಮೂಲೆಯಲ್ಲಿ ಕೂತು ಪರದೆ ಸರಿಸುತ್ತಿದ್ದರೆ ಮಗುವಿನ ಕಣ್ಣು ಅಲ್ಲೇ ಇರುತ್ತದೆ. ಅಮ್ಮ ಕೇಳುತ್ತ ಕೂತರೆ ಆ ಮನೆಯಲ್ಲಿ ರಿಯಾಜು ತಪ್ಪುವುದಿಲ್ಲ, ಇದನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ.

## ಮನೆಯ ರಿಯಾಜು

ಕ್ಲಾಸು ರೆಕಾರ್ಡ್ ಮಾಡ್ಕೊಂಡ್ರೆ ಮನೇಲಿ ಕೇಳಬಹುದಲ್ವಾ? ಯಾಕೆ ಬೇಡ ಅಂತೀರಿ?

ಪೂರ್ತಿ ಬೇಡ ಅನ್ನುವುದಿಲ್ಲ. ಯಾವಾಗ ಮಾಡಬೇಕು, ಏನನ್ನು ಮಾಡಬೇಕು ಅನ್ನುವುದಷ್ಟೇ ನನ್ನ ತಕರಾರು. ರೆಕಾರ್ಡ್ ಆಗುತ್ತಿದೆ ಅಂತ ಗೊತ್ತಾದ ಕೂಡಲೇ ಕಿವಿ ಸಡಿಲವಾಗುತ್ತದೆ. ಮನೆಗೆ ಹೋಗಿ ಕೇಳಿದರಾಯಿತು ಅಂತ. ಮನೆಯಲ್ಲಿ ಅದನ್ನು ತೆರೆಯುವುದೇ ಇಲ್ಲ, ತೆರೆದರೂ ಓಡಿಸಿ ಓಡಿಸಿ ಕೇಳುತ್ತಾರೆ. ಎಷ್ಟೋ ಜನರ ಫೋನಿನಲ್ಲಿ ಒಂದು ವರ್ಷದ ಪಾಠ ತುಂಬಿದೆ, ಬಾಯಲ್ಲಿ ಒಂದು ಬಂದಿಶೂ (ರಾಗದಲ್ಲಿ ಕಟ್ಟಿದ ಹಾಡು) ನೆಟ್ಟಗೆ ಇಲ್ಲ.

ಗಂಗೂಬಾಯಿ ಹಾನಗಲ್ ಅವರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರಲ್ಲಿ ಕಲಿತರು. ಮರಳುವ ರೈಲಿನಲ್ಲಿ ಅವರ ಹತ್ತಿರ ಯಾವ ರೆಕಾರ್ಡಿಂಗೂ ಇರಲಿಲ್ಲ. ಗುರುಗಳು ಹೇಳಿಕೊಟ್ಟದ್ದು ತಲೆಯಲ್ಲಿ ಉಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಹಾಗಾಗಿ ಕೇಳುವಾಗಲೇ ಇಡೀ ಮನಸ್ಸು ಅಲ್ಲಿರಬೇಕಿತ್ತು. ನಾನು ಕಾಪಾಡಿಕೊಳ್ಳಲು ನೋಡುವುದು ಆ ತುರ್ತನ್ನು.

ನಮ್ಮ ಕ್ಲಾಸಿನಲ್ಲಿ ಹೀಗೆ ಮಾಡುತ್ತೇವೆ. ಹೊಸ ಬಂದಿಶಿನ ಸ್ಥಾಯಿಯನ್ನು, ಅಂದರೆ ಮೊದಲ ಭಾಗವನ್ನು, ನಾನು ಕೆಲವು ಸಲ ಹಾಡುತ್ತೇನೆ, ಯಾರೂ ದನಿ ಕೂಡಿಸಬಾರದು. ಆಮೇಲೆ ಒಂದೊಂದು ಸಾಲು ಅವರು ಹಾಡಬೇಕು, ನಾನು ತಿದ್ದಬೇಕು. ಕೊನೆಯ ಐದು ನಿಮಿಷಕ್ಕೆ ಫೋನ್ ಒಳಗೆ ಬರುತ್ತದೆ. ಆಗ ರೆಕಾರ್ಡ್ ಆಗುವುದು ವಿದ್ಯಾರ್ಥಿಯ ಹಾಡು, ನನ್ನ ತಿದ್ದುಪಡಿಯ ಸಮೇತ. ಮನೆಗೆ ಹೋದ ದಿನ ಅದನ್ನು ಕೇಳಬಾರದು. ಮರುದಿನ ಬೆಳಿಗ್ಗೆ ತಂಬೂರಿ ಹಚ್ಚಿ, ನೆನಪಿನಿಂದ ಎಷ್ಟು ಬರುತ್ತದೋ ಅಷ್ಟು ಹಾಡಬೇಕು. ಎಲ್ಲಿ ಸಿಕ್ಕಿಕೊಂಡಿತು ಅಂತ ಗೊತ್ತಾದ ಮೇಲೆ ರೆಕಾರ್ಡಿಂಗ್ ತೆರೆಯಬೇಕು. ಆಗ ಕಿವಿ ಒಂದು ಉತ್ತರಕ್ಕೆ ಹಸಿದಿರುತ್ತದೆ. ಆ ಒಂದು ಜಾಗವನ್ನು ಅದು ಬಿಡುವುದೇ ಇಲ್ಲ.

ಬಂದಿಶಿನ ಎರಡನೇ ಭಾಗ, ಅಂತರಾ, ಮರೆತುಹೋಯಿತು ಅಂತ ವಾಟ್ಸ್ಯಾಪಿನಲ್ಲಿ ಕೇಳಿದರೆ ನಾನು ಆಡಿಯೋ ಕಳಿಸುವುದಿಲ್ಲ. ನೆನಪಿದ್ದಷ್ಟು ಹಾಡಿ ನನಗೆ ಕಳಿಸಿ ಅನ್ನುತ್ತೇನೆ. ಬಹಳ ಸಲ ಹಾಡುತ್ತ ಹಾಡುತ್ತ ಅವರಿಗೇ ಉಳಿದದ್ದು ಬಂದಿರುತ್ತದೆ.

ತಂಬೂರಿ ಕೊಳ್ಳೋ ಶಕ್ತಿ ಇಲ್ಲ. ಫೋನಿನ ಆ್ಯಪ್ ಸಾಕಾ?

ಸಾಕು, ಖಂಡಿತ ಸಾಕು. ಆದರೆ ಫೋನಿನ ಸ್ವಂತ ಸ್ಪೀಕರ್ ಸಾಲದು. ಗಂಡಸರ ಷಡ್ಜ ಕಾಳಿ ಒಂದು (ಹಾರ್ಮೋನಿಯಂನ ಮೊದಲ ಕರಿ ಕೀ) ಅಂತ ಹಿಡಿದರೆ, ಅದು ಸುಮಾರು 138 ಹರ್ಟ್ಸ್. ತಂಬೂರಿಯ ಖರಜದ, ಅಂದರೆ ಎಲ್ಲಕ್ಕಿಂತ ತಗ್ಗಿನ, ತಂತಿ ಅದರ ಅರ್ಧ, ಸುಮಾರು 69 ಹರ್ಟ್ಸ್. ಉಗುರಿನಷ್ಟಿರುವ ಸ್ಪೀಕರಿಗೆ ಅಷ್ಟು ತಗ್ಗಿನ ನಾದ ಹೊರಡಿಸುವ ತಾಕತ್ತಿಲ್ಲ. ಕೇಳಿಸುವುದು ಮೇಲಿನ ಕಿಣಿಕಿಣಿ ಮಾತ್ರ. ಒಂದು ಸಾಧಾರಣ ದೊಡ್ಡ ಸ್ಪೀಕರಿಗೆ ವೈರ್ ಹಾಕಿ ಜೋಡಿಸಿ. ಫೋನನ್ನು ಫ್ಲೈಟ್ ಮೋಡಿಗೆ ಹಾಕಿ, ಮಗ್ಗುಲು ಬದಲಿಸಿ ಪರದೆ ಕೆಳಗೆ ಮಾಡಿ ಇಡಿ.

ಮುಂದೆ ಕೈಯಲ್ಲಿ ದುಡ್ಡು ಕೂಡಿದರೆ ಮೀರಜಿಗೆ ಹೋಗಿ ಬನ್ನಿ. ತಂಬೂರಿ ಮಾಡುವ ಮನೆತನಗಳು ಅಲ್ಲಿ ಇಂದಿಗೂ ಇವೆ, ನಮಗೆ ರೈಲಿನ ದಾರಿಯಲ್ಲೇ ಇದೆ. ಕೊಳ್ಳದಿದ್ದರೂ ಜವಾರಿ (ತಂತಿಯ ಝೇಂಕಾರ) ತಿದ್ದುವುದನ್ನು ನೋಡಿ. ತಂತಿಯ ಕೆಳಗಿನ ದಾರ ಕೂದಲೆಳೆಯಷ್ಟು ಸರಿದರೆ ನಾದ ಹೇಗೆ ತೆರೆದುಕೊಳ್ಳುತ್ತದೆ ಅಂತ ಕೇಳಿಸಿಕೊಂಡರೆ ಒಂದು ತಿಂಗಳ ಪಾಠ ಆದಂತೆ.

ಸ್ವರ ಸರಿಯಾಗಿದೆಯಾ ಅಂತ ಮುಳ್ಳು ತೋರಿಸೋ ಆ್ಯಪ್ ಇದೆ. ಅದರ ಮುಂದೆ ಹಾಡಿದ್ರೆ ಬೇಗ ಸುಧಾರಿಸ್ತೀನಲ್ವಾ?

ಮುಳ್ಳು ನೋಡುವುದು ಸುಧಾರಿಸುತ್ತದೆ, ಕೇಳುವುದು ಹಿಂದೆ ಬೀಳುತ್ತದೆ. ಇದಕ್ಕೆ ಕಾರಣ ಎರಡು.

ಇಂಥ ಬಹಳಷ್ಟು ಆ್ಯಪ್‌ಗಳು ಸಪ್ತಕವನ್ನು ಹನ್ನೆರಡು ಸಮ ಪಾಲು ಮಾಡಿ ಅಳೆಯುತ್ತವೆ. ನಮ್ಮ ಪೇಟಿಯೂ (ಹಾರ್ಮೋನಿಯಂ) ಸಾಮಾನ್ಯವಾಗಿ ಹಾಗೇ ಇರುತ್ತದೆ. ಒಂದು ಪಾಲಿಗೆ 100 ಸೆಂಟ್. ಈ ಲೆಕ್ಕದಲ್ಲಿ ಶುದ್ಧ ಗಾಂಧಾರ 400 ಸೆಂಟಿನಲ್ಲಿ ಬರುತ್ತದೆ. ಚೆನ್ನಾಗಿ ಕೂಡಿಸಿದ ತಂಬೂರಿಯ ಷಡ್ಜದ ತಂತಿಯಿಂದ ತಾನಾಗಿ ಹೊಮ್ಮುವ ಗಾಂಧಾರ 386ರ ಹತ್ತಿರ ಇರುತ್ತದೆ. 14 ಸೆಂಟಿನಷ್ಟು ವ್ಯತ್ಯಾಸ. ತಂಬೂರಿಯಲ್ಲಿ ಕರಗಿಹೋಗುವ ಹಾಗೆ ನೀವು ಗಾಂಧಾರ ಹಚ್ಚಿದರೆ ಆ್ಯಪ್ ಅದನ್ನು ತಗ್ಗು ಅನ್ನುತ್ತದೆ. ನೀವು ಅದರ ಮಾತು ಕೇಳಿ ಏರಿಸುತ್ತೀರಿ!

ಇನ್ನೊಂದು, ನಮ್ಮ ಸ್ವರ ನಿಂತಲ್ಲೇ ನಿಲ್ಲುವುದಿಲ್ಲ. ದರಬಾರಿ ರಾಗದ ಕೋಮಲ ಗಾಂಧಾರ ತೂಗಾಡಬೇಕು. ಭೈರವದ ರಿಷಭಕ್ಕೂ ಆಂದೋಲನ ಬೇಕು. ಮುಳ್ಳು ಅಲ್ಲಿ ಒಂದೇ ಸವನೆ ಒದ್ದಾಡುತ್ತದೆ, ಹಾಡಿದವರು ತಾವೇ ತಪ್ಪಿದೆವು ಅಂದುಕೊಳ್ಳುತ್ತಾರೆ. ಷಡ್ಜ ತೀರಾ ಎಲ್ಲೋ ಹೋಗುತ್ತಿದೆಯಾ ಅಂತ ಮೊದಲ ಕೆಲವು ವಾರ ನೋಡಿಕೊಳ್ಳಲು ಅದು ಸಾಕು. ಆಮೇಲೆ ಅಳಿಸಿಹಾಕಿ.

ಸರಿಗಮ ಬರೆದುಕೊಟ್ರೆ ಸಾಕಲ್ವಾ?

ಪರೀಕ್ಷೆಗೆ ಬೇಕು, ಬರೆಸುತ್ತೇನೆ. ಆದರೆ ಬಾಯಿಗೆ ಬಂದ ಮೇಲೆ ಬರೆಸುತ್ತೇನೆ.

ನಮ್ಮನೆ ಪಕ್ಕಾನೇ ಪವರ್‌ಲೂಮ್. ಈ ಗದ್ದಲದಲ್ಲಿ ಏನು ಕೇಳಿಸ್ಕೊಳ್ಳೋದು?

ವಡಗಾವಿ, ಖಾಸಬಾಗ, ಶಹಾಪುರದ ಕಡೆಯಿಂದ ಬರುವ ನೇಕಾರರ ಮನೆಯ ಮಕ್ಕಳು ಇದನ್ನು ಕೇಳುತ್ತಾರೆ. ಗುಳೇದಗುಡ್ಡದಿಂದಲೂ ಒಬ್ಬರು ಬರೆದಿದ್ದರು. ಮಗ್ಗ ನಿಲ್ಲುವ ಹೊತ್ತು ನಿಮಗೇ ಗೊತ್ತಿರುತ್ತದೆ, ಷಡ್ಜ ಮತ್ತು ಆಲಾಪ ಆ ಹೊತ್ತಿಗೆ ಇರಲಿ. ಮಗ್ಗ ನಡೆಯುವಾಗ ಪಲ್ಟಾ (ಸ್ವರಗಳನ್ನು ಹಿಂದುಮುಂದು ಮಾಡಿ ಹಾಡುವ ಸಾಲು) ಹಾಡಿ. ಆ ಖಟ್ ಖಟ್ ಒಂದೇ ಲಯದಲ್ಲಿ ಇರುತ್ತದೆ. ಎರಡು ಹೊಡೆತಕ್ಕೆ ನಾಲ್ಕು ಸ್ವರ, ಮೂರು ಸ್ವರ ಅಂತ ಕೂಡಿಸಿ ನೋಡಿ. ಮಗ್ಗದ ಮನೆಯಲ್ಲಿ ಬೆಳೆದವರ ಲಯ ಗಟ್ಟಿ ಇರುವುದನ್ನು ನಾನು ಕಂಡಿದ್ದೇನೆ.

ನಿಜವಾಗಿ ಕೆಡಿಸುವುದು ಪಕ್ಕದ ಕೋಣೆಯ ಟೀವಿ ಧಾರಾವಾಹಿ. ಯಂತ್ರದ ಸದ್ದನ್ನು ಕಿವಿ ಸ್ವಲ್ಪ ಹೊತ್ತಿಗೆ ಪಕ್ಕಕ್ಕಿಡುತ್ತದೆ, ಮನುಷ್ಯರ ಮಾತನ್ನು ಪಕ್ಕಕ್ಕಿಡಲು ಅದಕ್ಕೆ ಬಹಳ ಕಷ್ಟ. ರಿಯಾಜಿನ ಹೊತ್ತಿಗೆ ಟೀವಿ ಆರಿಸಿ ಅಂತ ಹಿರಿಯರಿಗೆ ನಾನೇ ಹೇಳಬೇಕಾದರೆ ಹೇಳುತ್ತೇನೆ.

ಇಯರ್‌ಫೋನ್ ಹಾಕಿ ದಿನವಿಡೀ ಶಾಸ್ತ್ರೀಯ ಸಂಗೀತ ಕೇಳ್ತಾ ಇರ್ತೀನಿ. ಒಳ್ಳೇದಲ್ವಾ?

ಹಿನ್ನೆಲೆಯಲ್ಲಿ ಇಡೀ ದಿನ ಹರಿಯುವ ಯಮನ್ ರಾಗಕ್ಕಿಂತ, ಬೇರೇನೂ ಮಾಡದೆ ಕೇಳಿದ ಹತ್ತು ನಿಮಿಷ ಮೇಲು. ಕಿವಿಯ ಆರೋಗ್ಯವನ್ನೂ ನೋಡಿ: ದೊಡ್ಡವರಿಗೆ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ತಾಸು, ಮಕ್ಕಳಿಗೆ 75 ಡೆಸಿಬೆಲ್, ಇದು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ. ಸಂಗೀತದವರಿಗೆ ಕಿವಿ ಹೋದರೆ ಉಳಿಯುವುದೇನು?

## ದೂರದಿಂದ ಕಲಿಯುವವರಿಗೆ

ಇಂಡಿ ತಾಲೂಕಿನ ಹಳ್ಳಿಯಿಂದ ಬರೀತಿದೀನಿ. ಭೀಮಸೇನ ಜೋಶಿಯವರೇ ರೆಕಾರ್ಡ್ ಕೇಳಿ ಗಾಯಕರಾದ್ರು ಅಂತಾರೆ. ನಾನು ಯೂಟ್ಯೂಬಿನಿಂದ ಕಲೀಬಾರದಾ?

ಆ ಕಥೆಯನ್ನು ಕೊನೆವರೆಗೆ ಹೇಳಬೇಕು. ಗದಗಿನ ಹುಡುಗ ಭೀಮಸೇನ ಅಂಗಡಿಯೊಂದರಲ್ಲಿ ಅಬ್ದುಲ್ ಕರೀಂ ಖಾನರ ಠುಮರಿಯ ರೆಕಾರ್ಡ್ ಕೇಳಿದ್ದು ನಿಜ. ಆ ಕಾಲದ ತಟ್ಟೆಯ ಒಂದು ಮಗ್ಗುಲಿಗೆ ಮೂರು, ಮೂರೂವರೆ ನಿಮಿಷದ ಹಾಡು. ಅದನ್ನು ಕೇಳಿದ ಹುಡುಗ ರೆಕಾರ್ಡ್ ಹಿಡಿದು ಕೂರಲಿಲ್ಲ. ಹಾಗೆ ಹಾಡಬೇಕು ಅಂತ 1933ರಲ್ಲಿ ಮನೆ ಬಿಟ್ಟು ಗುರುವನ್ನು ಹುಡುಕಿಕೊಂಡು ಹೊರಟ. ಊರೂರು ಅಲೆದು ಕೊನೆಗೆ ಕುಂದಗೋಳದಲ್ಲಿ ಸವಾಯಿ ಗಂಧರ್ವರ ಎದುರು ಕೂತ. ನಮ್ಮ ಸುಳೇಭಾವಿಯ ಕುಮಾರ ಗಂಧರ್ವರೂ ಹಾಗೇ. ಚಿಕ್ಕಂದಿನಲ್ಲಿ ದೊಡ್ಡ ಉಸ್ತಾದರ ರೆಕಾರ್ಡ್‌ಗಳನ್ನು ಕೇಳಿ ಹಾಗೆಹಾಗೇ ಹಾಡಿ ತೋರಿಸುತ್ತಿದ್ದರು. ಆಮೇಲೆ ಮುಂಬೈಗೆ ಹೋಗಿ ಬಿ.ಆರ್. ದೇವಧರರಲ್ಲಿ ಕಲಿತರು.

ರೆಕಾರ್ಡ್ ಆಸೆ ಹುಟ್ಟಿಸುತ್ತದೆ, ಯೂಟ್ಯೂಬೂ ಹುಟ್ಟಿಸುತ್ತದೆ. ಆದರೆ ವಿಡಿಯೋ ನಿಮ್ಮ ಹಾಡನ್ನು ಕೇಳಿಸಿಕೊಳ್ಳುವುದಿಲ್ಲ. ನಿಮ್ಮ ನಿಷಾದ ತಗ್ಗಿತು, ಉಸಿರು ಭುಜದಿಂದ ಎಳೆಯುತ್ತಿದ್ದೀರಿ, ಇವತ್ತು ಮನಸ್ಸು ಇಲ್ಲಿಲ್ಲ ಅಂತ ಹೇಳುವವರು ಬೇಕು. ಗುರು ಅಂದರೆ ಮೊದಲು ನಿಮ್ಮನ್ನು ಕೇಳುವ ಕಿವಿ. ತಿಂಗಳಿಗೊಮ್ಮೆಯಾದರೂ ವಿಜಯಪುರಕ್ಕೋ ಸೊಲ್ಲಾಪುರಕ್ಕೋ ಹೋಗಿ ಒಬ್ಬರ ಎದುರು ಹಾಡಿ ಬನ್ನಿ. ಉಳಿದ ದಿನ ಊರಿನ ಭಜನಾ ಮಂಡಳಿಯಲ್ಲಿ ಕೂರಿ. ಪೇಟಿಯವರು ಯಾವ ಸ್ವರದ ಮನೆಯ ಮೇಲೆ ಕೈ ಇಟ್ಟರು, ಹಿಮ್ಮೇಳ ಎಲ್ಲಿ ಎತ್ತಿಕೊಂಡಿತು ಅಂತ ಕೇಳುತ್ತ ಕೂರುವುದು ಕಡಿಮೆ ಪಾಠವಲ್ಲ.

ಮಗಳು ಪುಣೆಗೆ ಹೋದ್ಲು. ಆನ್‌ಲೈನ್ ಕ್ಲಾಸಿನಲ್ಲಿ ತಂಬೂರಿ ದನಿ ಕಟ್ ಕಟ್ ಆಗತೈತ್ರಿ. ನೆಟ್‌ವರ್ಕ್ ತೊಂದರೆ ಏನ್ರಿ?

ಬಹಳ ಸಲ ನೆಟ್‌ವರ್ಕ್ ಅಲ್ಲ. ವಿಡಿಯೋ ಕರೆಯ ಆ್ಯಪ್‌ಗಳನ್ನು ಮಾತಿಗಾಗಿ ಮಾಡಿದ್ದಾರೆ. ಒಂದೇ ಸಮ ಬರುವ ನಾದವನ್ನು ಅವು ಫ್ಯಾನಿನ ಸದ್ದು ಅಂದುಕೊಂಡು ಅಳಿಸುತ್ತವೆ. ತಂಬೂರಿ ಹೋಗುತ್ತದೆ, ಉದ್ದಕ್ಕೆ ಹಿಡಿದ ಷಡ್ಜವೂ ನಡುವೆ ಮಾಯವಾಗುತ್ತದೆ. ಝೂಮ್‌ನ ಆಡಿಯೋ ಸೆಟ್ಟಿಂಗಿನಲ್ಲಿ "ಒರಿಜಿನಲ್ ಸೌಂಡ್ ಫಾರ್ ಮ್ಯುಸಿಶಿಯನ್ಸ್" ಅಂತ ಇದೆ, ಅದನ್ನು ಆನ್ ಮಾಡಿ. ಬ್ಲೂಟೂತ್ ಬೇಡ, ವೈರಿನ ಇಯರ್‌ಫೋನ್ ಹಾಕಿ. ಇಬ್ಬರೂ ಅವರವರ ಕಡೆ ಬೇರೆ ಬೇರೆ ತಂಬೂರಿ ಹಚ್ಚಿಕೊಳ್ಳಿ.

ಜೊತೆಗೆ ಹಾಡುವುದು ಮಾತ್ರ ಆಗುವುದಿಲ್ಲ. ದನಿ ಆಚೆ ತಲುಪಲು ಸೆಕೆಂಡಿನ ಹತ್ತನೇ ಒಂದು ಭಾಗ, ಕೆಲವೊಮ್ಮೆ ಅದಕ್ಕೂ ಜಾಸ್ತಿ ಹಿಡಿಯುತ್ತದೆ. ನಿಮಿಷಕ್ಕೆ 240 ಮಾತ್ರೆಯ ದ್ರುತ ಲಯದಲ್ಲಿ ಒಂದು ಮಾತ್ರೆಗೆ ಇರುವುದೇ ಕಾಲು ಸೆಕೆಂಡು. ಹಾಗಾಗಿ ಆನ್‌ಲೈನಿನಲ್ಲಿ ನಾನು ಹಾಡುವಾಗ ನೀವು ಕೇಳಿ, ನೀವು ಹಾಡುವಾಗ ನಾನು ಕೇಳುತ್ತೇನೆ. ಈ ಸರದಿಯಿಂದ ಕೆಲವರ ಕಿವಿ ಎದುರಿನ ಕ್ಲಾಸಿಗಿಂತ ಚುರುಕಾಗಿದೆ, ಅದನ್ನೂ ಹೇಳಬೇಕು.

## ಮುಂದೆ ಹೋದವರಿಗೆ

ಒಂದು ರಾಗಕ್ಕೆ ಇಪ್ಪತ್ತು ಜನರ ರೆಕಾರ್ಡಿಂಗ್ ಕೇಳ್ದೆ. ಗೊಂದಲ ಜಾಸ್ತಿ ಆಯ್ತು. ಎಲ್ಲಿಂದ ಶುರು ಮಾಡ್ಲಿ?

ಒಬ್ಬರಿಂದ. ನಿಮ್ಮ ಗುರುವಿನ ಘರಾಣೆಯ (ಗಾಯನ ಪರಂಪರೆಯ) ಒಬ್ಬ ಹಿರಿಯರ ಒಂದು ರೆಕಾರ್ಡಿಂಗ್ ಆರಿಸಿ. ಅದರ ಮೊದಲ ಐದು ನಿಮಿಷವನ್ನೇ ಒಂದು ವಾರ ಕೇಳಿ. ಪ್ರತಿದಿನ ಒಂದೇ ಪ್ರಶ್ನೆ ಇಟ್ಟುಕೊಳ್ಳಿ. ಇವತ್ತು ಉಸಿರು ಎಲ್ಲಿ ತೆಗೆದರು? ನಾಳೆ, ಯಾವ ಸ್ವರದ ಮೇಲೆ ನಿಂತರು? ಮರುದಿನ, ಮುಖಡಾ (ಬಂದಿಶಿನ ಮೊದಲ ತುಣುಕು) ಹಿಡಿದು ಸಮಕ್ಕೆ, ಅಂದರೆ ತಾಳದ ಮೊದಲ ಮಾತ್ರೆಗೆ, ಹೇಗೆ ಬಂದರು?

ಭೂಪಾಲಿ, ದೇಶಕಾರ ಎರಡನ್ನು ತೆಗೆದುಕೊಳ್ಳಿ. ಎರಡರಲ್ಲೂ ಸಾ ರೇ ಗ ಪ ಧ, ಅವೇ ಐದು ಸ್ವರ. ಭೂಪಾಲಿ ಗಾಂಧಾರದ ಸುತ್ತ ತಿರುಗುತ್ತದೆ, ದೇಶಕಾರ ಧೈವತವನ್ನು ಹಿಡಿದು ಮೇಲಿನ ಕಡೆ ಇರುತ್ತದೆ. ಮಾರವಾ, ಪೂರಿಯಾ, ಸೋಹನಿಗಳೂ ಅವೇ ಆರು ಸ್ವರದ ಮಕ್ಕಳು. ಪಟ್ಟಿ ನೋಡಿದರೆ ಒಂದೇ, ಕೇಳಿದರೆ ಬೇರೆ ಬೇರೆ. ಈ ಬೇರೆತನ ಕಿವಿಗೆ ಗಟ್ಟಿಯಾದ ಮೇಲೆ ಇಪ್ಪತ್ತು ಜನರದ್ದಲ್ಲ, ನೂರು ಜನರದ್ದು ಕೇಳಿ. ಆಗ ಅದು ಗೊಂದಲ ಅಲ್ಲ, ಸಂಪತ್ತು.

ವಿಲಂಬಿತದಲ್ಲಿ ನಡುವೆ ಎಲ್ಲೋ ಹೋಗಿಬಿಡ್ತೀನಿ. ಸಮ ಬಂದಾಗ ಎಚ್ಚರ ಆಗ್ತದೆ. ಏನು ಮಾಡ್ಲಿ?

ಮಾತ್ರೆಗೆ ನಾಲ್ಕು ಸೆಕೆಂಡಿನಂತೆ ನಡೆದರೆ ವಿಲಂಬಿತ ಏಕತಾಲದ ಹನ್ನೆರಡು ಮಾತ್ರೆಗೆ 48 ಸೆಕೆಂಡು ಬೇಕು. ಅಷ್ಟರಲ್ಲಿ ಎರಡು ಮೂರು ರೀಲ್ಸ್ ಮುಗಿದಿರುತ್ತವೆ. ನಮ್ಮ ಮನಸ್ಸಿಗೆ ಈಗ ಅಷ್ಟು ಉದ್ದದ ಒಂದು ಉಸಿರು ಅಪರೂಪವಾಗಿದೆ. ಬೆರಳೆಣಿಕೆಯಿಂದ ಇದು ಸರಿಹೋಗುವುದಿಲ್ಲ, ಎಣಿಸುತ್ತ ಕೂತರೆ ಹಾಡು ಒಣಗುತ್ತದೆ. ಹಾಡುವುದು ಬಿಟ್ಟು ಬರೀ ಠೇಕಾ ಕೇಳುತ್ತ ಕೂರಿ, ಮೊದಲು ಒಂದು ಆವರ್ತನ, ಆಮೇಲೆ ನಾಲ್ಕು, ಆಮೇಲೆ ಹತ್ತು. ತಿರಕಿಟ ಅನ್ನುವ ತಬಲಾ ನುಡಿ ಎಲ್ಲಿ ಬರುತ್ತದೆ ಅಂತ ಗುರುತು ಹಿಡಿಯಿರಿ. ಅದು ಹತ್ತಿರ ಬರುವುದು ಮೊದಲೇ ತಿಳಿಯತೊಡಗಿದಾಗ ಹಾಡು ಶುರು ಮಾಡಿ.

ಗಂಟಲು ಕಟ್ಟಿದೆ. ಈ ವಾರ ಕ್ಲಾಸು ತಪ್ಪಿಸ್ಲಾ?

ಜ್ವರ ಇಲ್ಲದಿದ್ದರೆ ಬನ್ನಿ. ನಮ್ಮ ಊರಿನ ಮಳೆಗಾಲದಲ್ಲಿ ಗಂಟಲು ಕಟ್ಟಿದಾಗಲೆಲ್ಲ ತಪ್ಪಿಸಿದರೆ ಜೂನಿನಿಂದ ಸೆಪ್ಟೆಂಬರ್‌ವರೆಗೆ ಪಾಠವೇ ಇಲ್ಲ. ಹಾಡಬೇಡಿ, ಬೇರೆಯವರ ಪಾಠ ಕೇಳಿ. ನನ್ನ ತಿದ್ದುಪಡಿ ನಿಮ್ಮ ಮೇಲೆ ಬೀಳುತ್ತಿಲ್ಲ ಅಂದಾಗ ಅದು ಹೆಚ್ಚು ಸ್ಪಷ್ಟವಾಗಿ ಕೇಳಿಸುತ್ತದೆ. ಕುಮಾರ ಗಂಧರ್ವರು ಕ್ಷಯ ಬಂದು ಮಧ್ಯಪ್ರದೇಶದ ದೇವಾಸದಲ್ಲಿ ಹಲವು ವರ್ಷ ಹಾಡದೆ ಮಲಗಬೇಕಾಯಿತು. ಆಗ ಅವರು ಕೇಳಿದ್ದು ಮಾಳವದ ಜನಪದ ಹಾಡು. ಎದ್ದು ಮತ್ತೆ ಹಾಡತೊಡಗಿದಾಗ ಅವರ ಸಂಗೀತದ ದಾರಿಯೇ ಬೇರೆಯಾಗಿತ್ತು, ಆ ಹಾಡುಗಳ ಧುನ್‌ಗಳಿಂದ ಹೊಸ ರಾಗಗಳೂ ಹುಟ್ಟಿದವು.

ಪೇಟಿ ಸಾಥ್ ಕೊಡೋಕೆ ಶುರು ಮಾಡಿದೀನಿ. ಗಾಯಕರ ಹಿಂದೆ ಓಡೋದೇ ಆಗಿದೆ.

ಬೆರಳು ಕಡಿಮೆ ಮಾಡಿ. ನಮ್ಮ ಬೆಳಗಾವಿಯ ರಾಮಭಾವು ಬಿಜಾಪುರೆ ಅವರು ದೊಡ್ಡ ದೊಡ್ಡ ಗಾಯಕರಿಗೆ ಸಾಥ್ ಕೊಟ್ಟವರು. ಅವರ ರೆಕಾರ್ಡಿಂಗ್ ಸಿಕ್ಕರೆ ಪೇಟಿ ಎಲ್ಲಿ ನುಡಿಯುತ್ತದೆ ಅನ್ನುವುದರ ಜೊತೆಗೆ ಎಲ್ಲಿ ಸುಮ್ಮನಿರುತ್ತದೆ ಅಂತಲೂ ಕೇಳಿ. ಗಾಯಕರ ಮುಖಕ್ಕಿಂತ ಉಸಿರನ್ನು ಗಮನಿಸಿ. ಮುಂದಿನ ಸಾಲು ಎಷ್ಟು ಉದ್ದ ಅಂತ ಉಸಿರೇ ಹೇಳುತ್ತದೆ. ಮನೆಯಲ್ಲಿ ರೆಕಾರ್ಡಿಂಗಿಗೆ ಸಾಥ್ ನುಡಿಸಿ ರಿಯಾಜು ಮಾಡಬಹುದು, ಆದರೆ ಒಂದೇ ರೆಕಾರ್ಡಿಂಗಿಗೆ ಎರಡನೇ ಸಲ ನುಡಿಸಬೇಡಿ. ಮುಂದೆ ಏನು ಬರುತ್ತದೆ ಅಂತ ಗೊತ್ತಿದ್ದರೆ ಅದು ಸಾಥ್ ಅಲ್ಲ.

ಮೈಫಿಲಿನಲ್ಲಿ ಎರಡು ನಿಮಿಷ ವಿಡಿಯೋ ಮಾಡ್ಕೊಂಡ್ರೆ ಏನು ತಪ್ಪು?

ಮೊದಲು ಗಾಯಕರ ಅನುಮತಿ ಬೇಕು. ಅದು ಸಿಕ್ಕರೂ, ಬೆಳಗುವ ಪರದೆ ಹಿಂದೆ ಕೂತವರ ಕಣ್ಣಿಗೆ ಹೊಡೆಯುತ್ತದೆ. ಸಮದಲ್ಲಿ ತಲೆದೂಗುವ, ಒಳ್ಳೆಯ ಜಾಗದಲ್ಲಿ "ವಾಹ್" ಅನ್ನುವ ಕೇಳುಗರು ಎದುರಿಗಿದ್ದರೆ ಗಾಯಕರ ಹಾಡೇ ಬೇರೆ ಆಗುತ್ತದೆ. ಫೋನ್ ಹಿಡಿದ ಕೈ ಅಂಥ ಮೆಚ್ಚುಗೆಯ ದಾದ್ ಕೊಡುವುದಿಲ್ಲ. ನನ್ನ ವಿದ್ಯಾರ್ಥಿಗಳಿಗೆ ನಾನು ಹೇಳುವುದು ಇಷ್ಟೇ: ಕುಂದಗೋಳದ ಸಂಗೀತ ಉತ್ಸವಕ್ಕೆ ಹೋಗಿ, ಮೀರಜಿನ ದರ್ಗಾದ ಸಂಗೀತ ಸಭೆಗೆ ಹೋಗಿ, ರಾತ್ರಿಯೆಲ್ಲ ಕೂತು ಕೇಳಿ. ಮುಂದಿನ ಕ್ಲಾಸಿಗೆ ಬಂದಾಗ ಅಲ್ಲಿ ಕೇಳಿದ ಒಂದೇ ಒಂದು ಜಾಗವನ್ನು ನನಗೆ ಹಾಡಿ ತೋರಿಸಿ.